ಚೈತ್ರಗೌರಿಯ ಜೋಕಾಲಿ, ಸಂದಿನೊಳಗಿನ ಖಣ

ಮಾರ್ಚ್ 9, 2025, ಭಾನುವಾರ

ಉಗಾದಿಗೆ ಮೂರು ವಾರ ಇರುವಾಗಲೇ ನಮ್ಮ ಮನೆಯಲ್ಲಿ ಅಟ್ಟ ಇಳಿಸುವ ಕೆಲಸ ಶುರುವಾಗುತ್ತದೆ. ಧಾರವಾಡದ ಮಾಳಮಡ್ಡಿಯ ಹಳೇ ಮನೆ ನಮ್ಮದು. ತಾಮ್ರದ ಹಂಡೆ, ಶಾವಿಗೆ ಮಣೆ, ಯಾರದೋ ಲಗ್ನದ ಟ್ರಂಕು, ಎಲ್ಲ ಅಟ್ಟದಿಂದ ಅಂಗಳಕ್ಕೆ ಬಂದು ಬಿಸಿಲು ಕಾಯಿಸಿಕೊಂಡು ಮತ್ತೆ ಮೇಲೇರುತ್ತವೆ. ಈ ಸಲ ನಿಚ್ಚಣಿಕೆ ಹತ್ತಿದ್ದು ನಾನು. ಮೂಲೆಯಲ್ಲಿ ಹಳೇ ಧೋತರದಲ್ಲಿ ಕಟ್ಟಿದ ಗಂಟೊಂದು ಕೈಗೆ ಸಿಕ್ಕಿತು. ಎತ್ತಿದರೆ ಒಳಗೆ ಸರಪಳಿಯ ಸದ್ದು.

ಬಿಚ್ಚಿ ನೋಡಿದರೆ ಗೌರಿಯ ಜೋಕಾಲಿ. ನಮ್ಮ ಕಡೆ ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಒಂದು ತಿಂಗಳು ಗೌರಿಯನ್ನು ಜೋಕಾಲಿಯಲ್ಲಿ ಕೂಡಿಸಿ ತೂಗುತ್ತಾರೆ. ನಡುವೆ ಯಾವುದಾದರೊಂದು ದಿನ ಓಣಿಯ ಹೆಣ್ಣುಮಕ್ಕಳನ್ನು ಅರಿಶಿನ ಕುಂಕುಮಕ್ಕೆ ಕರೆದು ಕೋಸಂಬರಿ, ಪಾನಕ ಕೊಟ್ಟು ನೆನೆಸಿದ ಕಡಲೆಯಿಂದ ಉಡಿ ತುಂಬುತ್ತಾರೆ. ನಾನು ಈ ಮನೆಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮಲ್ಲಿ ಗೌರಿ ಮಣೆಯ ಮೇಲೆಯೇ ಕೂಡುತ್ತಾಳೆ. ಜೋಕಾಲಿ ಇತ್ತಂತೆ, ಮುರಿಯಿತಂತೆ ಎಂದು ಕೇಳಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ.

ಅತ್ತೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, ಗಂಟಿನ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು. "ಇದು ನಮ್ಮವ್ವಂದು. ಗದಗಿನಿಂದ ಬಂದದ್ದು. ಒಗಿಬ್ಯಾಡ ನೋಡವಾ."

ಒಗೆಯುವ ಮಾತೇ ಇರಲಿಲ್ಲ. ಟೇಪು ತಂದು ಅಳೆದೆ. ಅಡಿಹಲಗೆ 16 ಇಂಚು ಉದ್ದ, 9 ಇಂಚು ಅಗಲ. 15 ಇಂಚಿನ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಅದರ ಎರಡು ತುದಿಗೆ ಎರಡು ಗಿಳಿ. ಒಂದು ಗಿಳಿಗೆ ಕೊಕ್ಕಿಲ್ಲ. ತೂಗುಮಣೆ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಹಿತ್ತಾಳೆಯ ನಾಲ್ಕು ಸರಪಳಿ, ಅವುಗಳಲ್ಲಿ ಎರಡು ತುಂಡಾಗಿವೆ. ಎಡಗಂಬ ಅಡಿಹಲಗೆಯಿಂದ ಕಿತ್ತು ಬಂದಿದೆ. ಬಲಗಂಬ ನಿಂತಿದೆ, ಆದರೆ ಬೆರಳಲ್ಲಿ ಮುಟ್ಟಿದರೆ ಹಾಲುಹಲ್ಲಿನ ಹಾಗೆ ಅಲುಗಾಡುತ್ತದೆ. ಮರ ಸಾಗವಾನಿ. ಧೂಳು ಒರೆಸಿ ಮೂಸಿದರೆ ಇಷ್ಟು ವರ್ಷದ ಮೇಲೂ ಆ ಎಣ್ಣೆವಾಸನೆ ಸಣ್ಣಗೆ ಬರುತ್ತದೆ.

ಮಾರ್ಚ್ 11 ಮತ್ತು 12

ಮೊದಲು ಹುಳದ ವಿಚಾರ. ಅಡಿಹಲಗೆಯ ಒಂದು ಅಂಚಿನಲ್ಲಿ ಸಾಸಿವೆ ಗಾತ್ರದ ತೂತುಗಳಿದ್ದವು. ಸಾಗವಾನಿಯ ಚೇಗಿಗೆ ಹುಳ ಸುಲಭವಾಗಿ ಬಾಯಿ ಹಾಕುವುದಿಲ್ಲ. ಹೊರಗಿನ ಬಿಳಿಭಾಗ ಉಳಿದಿದ್ದರೆ ಅಲ್ಲಿ ಸೇರಿಕೊಳ್ಳುತ್ತದೆ. ಇಲ್ಲೂ ಹಾಗೆಯೇ ಆಗಿತ್ತು, ಆ ಅಂಚು ಮಾತ್ರ ತಿಳಿಬಣ್ಣದ್ದು. ಕಪ್ಪು ಕಾಗದದ ಮೇಲಿಟ್ಟು ಮೆಲ್ಲಗೆ ಬಡಿದಾಗ ಹಿಟ್ಟಿನಂಥ ಪುಡಿ ಉದುರಿತು. ಹಳೇ ಪುಡಿಯೋ ಹೊಸದೋ ಹೇಳುವುದು ಕಷ್ಟ. ಆದ್ದರಿಂದ ಹುಳ ಇದೆ ಎಂದೇ ಎಣಿಸಿದೆ.

ಔಷಧ ಹೊಡೆಯಲು ಮನಸ್ಸಾಗಲಿಲ್ಲ. ದೇವರ ಮುಂದೆ ಇಡುವ ಸಾಮಾನು, ಮಗಳು ದಿನಾ ಮುಟ್ಟುವಂಥದ್ದು. ಬಿಸಿಲನ್ನೇ ನಂಬಿದೆ. ಪರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಒಂದು ನಿಯಮವಿದೆ: ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ನಿಲ್ಲಬೇಕು, ಆಗ ಒಳಗಿನ ಹುಳ ಸಾಯುತ್ತದೆ. ಜೋಕಾಲಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿ ಬಿಗಿದು ಮಾಳಿಗೆಯ ಮೇಲಿಟ್ಟೆ. ಬೆಲ್ಲದ ಪಾಕ ನೋಡುವ ಥರ್ಮಾಮೀಟರನ್ನು ಒಳಗೆ ತೂರಿಸಿದ್ದೆ. ಮಧ್ಯಾಹ್ನ ಎರಡು ಗಂಟೆಗೆ 61 ತೋರಿಸಿತು. ಅದು ಚೀಲದೊಳಗಿನ ಗಾಳಿಯ ಬಿಸಿ. ಮರದ ತಿರುಳಿನದನ್ನು ಅಳೆಯುವ ದಾರಿ ನನ್ನಲ್ಲಿ ಇರಲಿಲ್ಲ, ಅದಕ್ಕೇ ಎರಡು ಮಧ್ಯಾಹ್ನ, ನಾಲ್ಕು ನಾಲ್ಕು ತಾಸು ಇಟ್ಟೆ. ಪಕ್ಕದಲ್ಲೇ ಹೊರಸಿನ ಮೇಲೆ ಅತ್ತೆಯ ಶಾವಿಗೆ ಒಣಗುತ್ತಿತ್ತು. ಮಗಳು ಶಾವಿಗೆಗೆ ಬರುವ ಗುಬ್ಬಿ ಓಡಿಸುವ ನೆವದಲ್ಲಿ ಕೂತು ಹಸಿ ಎಳೆಗಳನ್ನು ಮುರಿದು ಮುರಿದು ತಿಂದಳು.

ಆಮೇಲಿನ ವಾರ ದಿನಾ ಬಡಿದು ನೋಡಿದೆ. ಕಪ್ಪು ಕಾಗದದ ಮೇಲೆ ಒಂದು ಕಣವೂ ಬೀಳಲಿಲ್ಲ.

ಮಾರ್ಚ್ 15, ಶನಿವಾರ

ಹಿತ್ತಾಳೆ ತಂತಿಗೆಂದು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಧಾರವಾಡದಲ್ಲಿ ಮುನ್ನಾದಿನವೇ ಹೋಳಿಯ ಬಣ್ಣ ಮುಗಿದಿತ್ತು. ಹುಬ್ಬಳ್ಳಿಯವರದು ಐದನೇ ದಿನದ ರಂಗಪಂಚಮಿ. ದುರ್ಗದಬೈಲಿನ ತುಂಬ ಬಣ್ಣದ ರಾಶಿ, ಮೂಲೆಗೊಂದು ಹಲಗಿ ಸದ್ದು. ಹಳೇ ಪಾತ್ರೆ ಅಂಗಡಿಯ ಹಿರಿಯರಿಗೆ ಸರಪಳಿಯ ತುಂಡು ತೋರಿಸಿದೆ. ಬೆರಳ ನಡುವೆ ಹೊರಳಿಸಿ ನೋಡಿ, "ಹದಿನಾಲ್ಕು ಗೇಜ್" ಅಂದರು. ಎರಡು ಮಿಲಿಮೀಟರ್ ದಪ್ಪದ ತಂತಿ. ಒಂದು ಮೀಟರ್ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಟ್ಟರು. ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ದಾರಿಯ ಹೊಂಗೆ ಮರಗಳೆಲ್ಲ ಎಳೆ ಚಿಗುರಿನಲ್ಲಿ ಮಿಂಚುತ್ತಿದ್ದವು.

ಮಾರ್ಚ್ 16, ಭಾನುವಾರ

ಇವತ್ತಿನದು ಪೂರ್ತಿ ಬರೆದಿಡಬೇಕು.

ಮುರಿದ ಎಡಗಂಬವನ್ನು ಮೊದಲು ತೆಗೆದುಕೊಂಡೆ. ಕಂಬದ ಬುಡದಲ್ಲಿ ಒಂದು ನಾಲಿಗೆ ಇರಬೇಕು, ಅದು ಅಡಿಹಲಗೆಯ ಕಿಂಡಿಯೊಳಗೆ ಕೂಡಬೇಕು. ಆದರೆ ನಾಲಿಗೆ ಎರಡಾಗಿ ಸೀಳಿ ಅರ್ಧ ಕಿಂಡಿಯಲ್ಲೇ ಉಳಿದಿತ್ತು. ಕಾರಣ ಕಣ್ಣೆದುರೇ ಇತ್ತು: ಎರಡು ಕಬ್ಬಿಣದ ಮೊಳೆ. ಬಹಳ ಹಿಂದೆ ಇದನ್ನು ಒಂದು ಅಂಗಡಿಗೆ ರಿಪೇರಿಗೆ ಕೊಟ್ಟಿದ್ದರಂತೆ. ಅಲ್ಲಿ ಸಡಿಲವಾದ ಸಂದಿಗೆ ಬಿಳಿ ಅಂಟು ಸುರಿದು, ಸಾಲದ್ದಕ್ಕೆ ಪಕ್ಕದಿಂದ ಮೊಳೆ ಹೊಡೆದಿದ್ದಾರೆ. ಮೊಳೆ ಮರದ ಎಳೆಗಳನ್ನು ಸೀಳಿತು, ಆಮೇಲೆ ತುಕ್ಕು ಹಿಡಿದು ಉಬ್ಬಿತು, ಸುತ್ತಲಿನ ಮರ ಕರ್ರಗಾಯಿತು. ಮುಂದೊಂದು ದಿನ ಯಾರೋ ಜೋಕಾಲಿ ಎತ್ತಿದಾಗ ನಾಲಿಗೆ ಮುರಿದಿದೆ. ಹಳೇ ಮರದ ಕೆಲಸಕ್ಕೆ ಮೊಳೆ ಹೊಡೆಯುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅರ್ಧ ನಿಮಿಷದ ಕೆಲಸಕ್ಕೆ ಇಷ್ಟು ವರ್ಷ ಗೌರಿ ಜೋಕಾಲಿ ಇಲ್ಲದೆ ಕೂತಳು.

ಅಂಟನ್ನು ಬಿಡಿಸಲು ಚಹದ ಕಿಟ್ಲಿಯ ಹಬೆ ಹಿಡಿದೆ. ಬಿಳಿ ಅಂಟು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ. ಹತ್ತು ನಿಮಿಷ ಹಬೆ, ಐದು ನಿಮಿಷ ತೆಳ್ಳನೆಯ ಉಳಿ, ಮತ್ತೆ ಹಬೆ. ತಾಸೂವರೆಯಾದ ಮೇಲೆ ಕಿಂಡಿ ಚೊಕ್ಕವಾಯಿತು. ಮೊಳೆಗಳನ್ನು ಇಕ್ಕಳದಲ್ಲಿ ಹಿಡಿದು ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಕೂದಲೆಳೆಯಷ್ಟು ತಿರುವುತ್ತ ಹೊರತೆಗೆದೆ.

ಆಮೇಲೆ ಬಲಗಂಬ. ಅದಕ್ಕೂ ಹಬೆ ಬೇಕಾದೀತು ಎಂದುಕೊಂಡು ಕಿಟ್ಲಿಗೆ ನೀರು ತುಂಬುತ್ತಿದ್ದೆ. ಮಗಳು ಕಂಬ ಹಿಡಿದು ಮೆಲ್ಲಗೆ ಮೇಲೆತ್ತಿದಳು, ಬೆಣ್ಣೆಯಿಂದ ಚೂರಿ ಎತ್ತಿದ ಹಾಗೆ ಬಂದುಬಿಟ್ಟಿತು. ಮೊಳೆ ಇಲ್ಲ, ಅಂಟಿಲ್ಲ. ನಾಲಿಗೆಯ ಸುತ್ತ ಏನೋ ಸುತ್ತಿತ್ತು. ಮೇಲುಗಡೆ ಕಾಣುತ್ತಿದ್ದ ಅಂಚು ಮಣ್ಣಿನ ಬಣ್ಣದ್ದು. ನಾನು ಅದನ್ನು ತೊಗಲೆಂದೇ ತಿಳಿದೆ. ಸೂಜಿಯ ತುದಿಯಿಂದ ಸುತ್ತು ಬಿಡಿಸಿದೆ. ಒಂದು ಸುತ್ತು ಬಿಚ್ಚುತ್ತಲೇ ಒಳಗಿನಿಂದ ದಟ್ಟ ಕೆಂಪು ಬಂತು. ಬೆಳಕು ಗಾಳಿ ಸೋಕದ ಜಾಗದಲ್ಲಿ ಬಣ್ಣ ನಿನ್ನೆ ಅದ್ದಿ ತೆಗೆದ ಹಾಗಿತ್ತು. ಬೆರಳಗಲದ ಬಟ್ಟೆ, ಅದರ ಮೇಲೆ ಹಳದಿ ನೂಲಿನಲ್ಲಿ ನೇಯ್ದ ಸಣ್ಣ ಸಣ್ಣ ತೇರು.

ಗುಳೇದಗುಡ್ಡದ ಖಣ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಗುರುತಿಸಲು ಎರಡನೇ ನೋಟ ಬೇಕಿಲ್ಲ.

ಅತ್ತೆಯನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು, ಪಟ್ಟಿಯನ್ನು ಅಂಗೈ ಮೇಲೆ ಚಾಚಿ ಹೆಬ್ಬೆರಳಿಂದ ಸವರಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. "ನಮ್ಮವ್ವನ ಕುಬಸ. ಇದನ್ನ ಹಾಕ್ಕೊಂಡು ಆಕಿ ಎಲ್ಲರಿಗೂ ಕುಂಕುಮ ಹಚ್ಚತಿದ್ಲು."

ಅಜ್ಜಿ ಮಾಡಿದ್ದಿಷ್ಟು. ಮರ ಒಣಗಿ ಕುಗ್ಗಿತು, ಕಿಂಡಿಯಲ್ಲಿ ಕಂಬ ಅಲುಗಾಡತೊಡಗಿತು. ಬಡಿಗನಿಗಾಗಿ ಕಾಯದೆ ಹಳೇ ಕುಬಸದಿಂದ ಒಂದು ಪಟ್ಟಿ ಹರಿದು, ನಾಲಿಗೆಗೆ ಸುತ್ತಿ, ಒತ್ತಿ ಕೂಡಿಸಿದಳು. ಖಣ ಗಟ್ಟಿ ನೇಯ್ಗೆಯ ಬಟ್ಟೆ. ಒತ್ತಿದಷ್ಟು ತಗ್ಗಿ, ಬಿಟ್ಟಷ್ಟು ಉಬ್ಬಿ ಸಂದನ್ನು ಬಿಗಿಹಿಡಿಯುತ್ತದೆ. ಅಂಗಡಿಯವರ ರಿಪೇರಿ ಕಂಬವನ್ನು ಮುರಿಯಿತು. ಅಜ್ಜಿಯದು ಇವತ್ತಿಗೂ ಕಂಬವನ್ನು ನಿಲ್ಲಿಸಿತ್ತು, ಬಿಚ್ಚಬೇಕೆಂದಾಗ ಒಂಬತ್ತು ವರ್ಷದ ಹುಡುಗಿಯ ಕೈಯಲ್ಲಿ ಬಿಚ್ಚಿ ಬಂತು. ನಾನೂ ಇನ್ನು ಮಾಡುವುದನ್ನು ಹಾಗೆಯೇ ಮಾಡಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಮಾರ್ಚ್ 17ರಿಂದ 21

ದಿನಾ ರಾತ್ರಿ ಊಟವಾದ ಮೇಲೆ ಒಂದು ತಾಸು.

ಎಡಗಂಬಕ್ಕೆ ಹೊಸ ನಾಲಿಗೆ ಬೇಕಿತ್ತು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಕಿಟಕಿ ಚೌಕಟ್ಟಿನಿಂದ ಸಾಗವಾನಿ ತುಂಡು ಕೊಯ್ದೆ. ಅದೂ ಹಳೇ ಮರವೇ, ಇನ್ನು ಹೆಚ್ಚು ಕುಗ್ಗುವುದಿಲ್ಲ. ಕಂಬದ ಬುಡದಲ್ಲಿ ಒಂದೂಕಾಲು ಇಂಚು ಆಳದ ಸೀಳು ಮಾಡಿ ಹೊಸ ತುಂಡನ್ನು ಅದರೊಳಗೆ ಕೂಡಿಸಿ ಅಂಟು ಹಾಕಿದೆ. ಇಡೀ ಜೋಕಾಲಿಗೆ ನಾನು ಅಂಟು ಹಾಕಿದ್ದು ಇದೊಂದೇ ಜಾಗದಲ್ಲಿ, ಕಂಬಕ್ಕೂ ಅದರ ನಾಲಿಗೆಗೂ ನಡುವೆ. ನಾಲಿಗೆ ಅಡಿಹಲಗೆಗೆ ಸೇರುವ ಕಡೆ ಅಂಟಿಲ್ಲ, ಬೆಣೆ ಮಾತ್ರ. ಮರದ ಎಳೆ ಕಂಬದ ಉದ್ದಕ್ಕೇ ಹರಿಯುವಂತೆ ನೋಡಿಕೊಳ್ಳಬೇಕು. ಅಡ್ಡ ಎಳೆಯ ನಾಲಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ.

ಸರಪಳಿಗೆ ಏಳು ಕೊಂಡಿ ಕಡಿಮೆ. ತಂತಿಯನ್ನು ಹಾಗೆಯೇ ಸುತ್ತಲು ಹೋದರೆ ಬಿರುಸು, ಬಾಗುವುದಿಲ್ಲ. ಅಡಿಗೆಮನೆಯ ದೀಪ ಆರಿಸಿ ಗ್ಯಾಸಿನ ಉರಿಯಲ್ಲಿ ತಂತಿ ಹಿಡಿದೆವು. ಕತ್ತಲಲ್ಲಿ ಅದು ಮಂದ ಕೆಂಪಗೆ ಹೊಳೆಯುತ್ತಲೇ ನೀರಿಗೆ ಅದ್ದಿದೆ. ಕಬ್ಬಿಣವನ್ನು ಹೀಗೆ ಅದ್ದಿದರೆ ಬಿರುಸಾಗಬಹುದು, ಹಿತ್ತಾಳೆ ಮಾತ್ರ ಮೆತ್ತಗೇ ಉಳಿಯುತ್ತದೆ. ಅದನ್ನು ಆರು ಮಿಲಿಮೀಟರ್ ಸರಳಿಗೆ ಒತ್ತೊತ್ತಾಗಿ ಸುತ್ತಿದರೆ ಸ್ಪ್ರಿಂಗ್ ಆಯಿತು. ಸ್ಪ್ರಿಂಗನ್ನು ಉದ್ದಕ್ಕೆ ಸಣ್ಣ ಗರಗಸದಿಂದ ಕೊಯ್ದರೆ ಒಂದೊಂದು ಸುತ್ತೂ ಒಂದೊಂದು ಉಂಗುರವಾಗಿ ತಟ್ಟೆಗೆ ಬಿತ್ತು. ಆ ಟಿಣ್ ಸದ್ದಿಗೆ ಮಗಳು ಪ್ರತಿ ಸಲ ಎಣಿಸಿದಳು. ಹನ್ನೆರಡು. ಉಂಗುರದ ಬಾಯನ್ನು ಅಗಲಕ್ಕೆ ಎಳೆದು ತೆರೆಯಬಾರದು, ಆಕಾರ ಕೆಡುತ್ತದೆ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುವಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು. ನಾಲ್ಕನೇ ಉಂಗುರದಿಂದ ಮುಂದೆ ಅದು ಮಗಳದೇ ಕೆಲಸವಾಯಿತು.

ಒಂದು ತಪ್ಪಾಯಿತು. ಹಳೇ ಸರಪಳಿಗಳನ್ನು ಬೆಳಗಲು ಹುಣಸೆಹಣ್ಣು, ಉಪ್ಪಿನ ನೀರಿನಲ್ಲಿ ನೆನೆಹಾಕಿದ್ದೆ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ಹತ್ತು ಹದಿನೈದು ನಿಮಿಷ ಸಾಕು. ಮೂರು ಸರಪಳಿ ತೆಗೆದು ತೊಳೆದಿಟ್ಟೆ, ನಾಲ್ಕನೆಯದು ಬಟ್ಟಲ ತಳದಲ್ಲಿ ಉಳಿದು ರಾತ್ರಿಯೆಲ್ಲ ನೆನೆಯಿತು. ಬೆಳಿಗ್ಗೆ ನೋಡಿದರೆ ಗುಲಾಬಿ ಬಣ್ಣ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈಯ ಸತು ಹೋಗಿ ತಾಮ್ರ ಮಿಕ್ಕುತ್ತದೆ. ಪುಡಿ ಹಾಕಿ ಉಜ್ಜಿ ಉಜ್ಜಿ ಮುಕ್ಕಾಲು ಪಾಲು ಬಂಗಾರದ ಬಣ್ಣ ತಂದೆ. ಕೊಂಡಿಗಳ ಒಳಮೈಯಲ್ಲಿ ಕೆಂಪು ಛಾಯೆ ಹಾಗೇ ಉಳಿದಿದೆ. ಇನ್ನು ಮುಂದೆ ಹುಣಸೆನೀರಿಗೆ ಹಾಕಿದ ಸಾಮಾನನ್ನು ಎಣಿಸಿ ಹಾಕುತ್ತೇನೆ, ಎಣಿಸಿ ತೆಗೆಯುತ್ತೇನೆ.

ಗಿಳಿಯ ಕೊಕ್ಕು? ಅದನ್ನು ಮುಟ್ಟಲಿಲ್ಲ. ಕೊಕ್ಕಿಲ್ಲದ ಗಿಳಿಯನ್ನೇ ಅತ್ತೆ ಚಿಕ್ಕಂದಿನಿಂದ ನೋಡಿದ್ದು.

ಮಾರ್ಚ್ 22 ಮತ್ತು 23

ಉಜ್ಜುಕಾಗದ ಹಗುರವಾಗಿ: 180 ನಂಬರಿನದು, ಆಮೇಲೆ ಇನ್ನೂ ನಯವಾದ 320. ಅಷ್ಟೇ. ಅಂಚುಗಳಲ್ಲಿ ಕೈತಾಗಿ ತಾಗಿ ಆದ ನುಣುಪನ್ನು ಉಜ್ಜಿ ತೆಗೆಯಬಾರದು.

ಮೇಲೆ ಅಗಸಿ ಎಣ್ಣೆ. ನಮ್ಮಲ್ಲಿ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಹಿಂಡಿ. ಇದೇ ಕಾಳಿನ ಎಣ್ಣೆ ಮರದ ಮೇಲೆ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗಿ, ತೆಳ್ಳಗೆ ಒಂದು ಪದರವಾಗುತ್ತದೆ. ಶೇಂಗಾ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಬಟ್ಟೆಯಿಂದ ಸವರಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ವಾರಗಟ್ಟಲೆ ಅಂಟಂಟು. ಒರೆಸಿದ ಬಟ್ಟೆಯನ್ನು ಮಾತ್ರ ಎಂದಿಗೂ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೇ ಸೇರಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ನಾನು ಅಂಗಳದ ತಂತಿಯ ಮೇಲೆ ಒಂದೊಂದಾಗಿ ಹರವಿದೆ.

ಮೊದಲ ಕೈ ಹಚ್ಚುತ್ತಲೇ ಕಂದುಬೂದು ಮರದೊಳಗಿಂದ ಜೇನುಬಣ್ಣದ ಗೆರೆಗಳು ಎದ್ದು ಬಂದವು. "ಮನಿ ತುಂಬ ಹಿಂಡಿ ವಾಸನಿ," ಎನ್ನುತ್ತ ಮಗಳು ಓಡಿ ಬಂದಳು, ಅವಳಿಗೆ ರೊಟ್ಟಿ ಬೇಕೆನಿಸಿತಂತೆ.

ಭಾನುವಾರ ಗೋಡೆಯ ಕ್ಯಾಲೆಂಡರ್ ನೋಡಿದ ಅತ್ತೆ ಸುದ್ದಿ ಹೇಳಿದರು. ಉಗಾದಿ ಮಾರ್ಚ್ 30. ಪಾಡ್ಯ, ಬಿದಿಗೆ, ತದಿಗೆ ಎಂದು ಎಣಿಸಿ ಗೌರಿ ಏಪ್ರಿಲ್ 1ಕ್ಕೆ ಎಂದು ನಾನು ಲೆಕ್ಕ ಹಾಕಿದ್ದೆ. ಈ ಸಲ ಉಗಾದಿಯ ಮರುದಿನ ಸೋಮವಾರವೇ ತದಿಗೆ. ಒಂದು ದಿನ ಕೈಬಿಟ್ಟು ಹೋಯಿತು. ಎಣ್ಣೆ ಒಣಗಲು ಆ ಒಂದು ದಿನವೂ ಬೇಕಿತ್ತು. ಎರಡನೇ ಕೈಯನ್ನು ಮಂಗಳವಾರದಿಂದ ಸೋಮವಾರಕ್ಕೆ ಎಳೆದೆ, ಇನ್ನೂ ತೆಳ್ಳಗೆ. ಪುಣ್ಯಕ್ಕೆ ಆ ವಾರ ಬಿಸಿಲೂ ಇತ್ತು, ಸಂಜೆಯ ಗಾಳಿಯೂ ಇತ್ತು.

ಮಾರ್ಚ್ 29, ಶನಿವಾರ

ಜೋಡಣೆ. ಎಡಗಂಬ ಕಿಂಡಿಗೆ ಇಳಿಯಿತು, ತೆಳುವಾದ ಬೆಣೆ ಹಾಕಿ ಲಟ್ಟಣಿಗೆಯ ತುದಿಯಿಂದ ಎರಡು ಸಲ ತಟ್ಟಿದರೆ ಗಟ್ಟಿ. ಬಲಗಂಬಕ್ಕೆ ಏನು ಮಾಡುವುದು? ಅಜ್ಜಿಯ ಪಟ್ಟಿ ಮಡಿಕೆಗಳಲ್ಲಿ ಪುಡಿಯಾಗುತ್ತಿತ್ತು, ಮತ್ತೆ ಒತ್ತಿದರೆ ಉಳಿಯುವುದಿಲ್ಲ. ಬೆಣೆಯೇ ಹಾಕೋಣ ಎಂದಿದ್ದೆ. ಅತ್ತೆ ಟ್ರಂಕಿನಿಂದ ತಮ್ಮ ಹಳೇ ಕುಬಸವೊಂದನ್ನು ತಂದು, ನನ್ನ ಕೈಯಲ್ಲಿ ಕತ್ತರಿ ಕೊಟ್ಟರು. ಹಸಿರು ಖಣ, ನೀಲಿ ಅಂಚು. ಬೆರಳಗಲ ಕತ್ತರಿಸಿದೆ. ಸುತ್ತಿದ್ದು ಅವರೇ. ಎರಡು ಸುತ್ತಿಗೆ ಸಡಿಲ, ಮೂರಕ್ಕೆ ಕಿಂಡಿಯೊಳಗೆ ಹೋಗಲೊಲ್ಲದು. ಎರಡೂವರೆ ಸುತ್ತಿಗೆ ಕಂಬ ಕುಸ್ ಎಂದು ಕೂತಿತು. ಅಲುಗಾಡಿಸಿ ನೋಡಿದೆ. ಅಲುಗಲಿಲ್ಲ.

ಅಡ್ಡಪಟ್ಟಿ ಕೂಡಿಸಿ ಸರಪಳಿ ತೂಗುಹಾಕಿದೆ. ತೂಗುಮಣೆ ಒಂದು ಕಡೆಗೆ ವಾಲಿತು. ಹೊಸ ಉಂಗುರಗಳು ಹಳೆಯವಕ್ಕಿಂತ ಕೂದಲಷ್ಟು ದೊಡ್ಡವು, ಏಳು ಸೇರಿ ಅರ್ಧ ಉಂಗುರದಷ್ಟು ಉದ್ದ ಹೆಚ್ಚಿತ್ತು. ಹೊಸ ಉಂಗುರಗಳನ್ನು ಬಿಡಿಸಿ ನಾಲ್ಕೂ ಸರಪಳಿಗೆ ಹಂಚಿದೆವು, ಏಳರ ಜೊತೆಗೆ ಇನ್ನೊಂದು ಬೇಕಾಯಿತು, ಒಂದೊಂದಕ್ಕೆ ಎರಡರಂತೆ. ಮಣೆಯ ಮೇಲೆ ನೀರಿನ ತಟ್ಟೆ ಇಟ್ಟು ನೋಡಿದರೆ ಈಗ ಸಮ.

ಮಾರ್ಚ್ 30 ಮತ್ತು 31

ಉಗಾದಿಯ ಬೆಳಿಗ್ಗೆ ಎಣ್ಣೆನೀರು, ಆಮೇಲೆ ಬೇವು. ನಮ್ಮಲ್ಲಿ ಬೇವನ್ನು ಕುಡಿಯುತ್ತಾರೆ: ಹುಣಸೆನೀರಿಗೆ ಬೆಲ್ಲ, ಬೇವಿನ ಹೂ, ತುರಿದ ಮಾವಿನಕಾಯಿ, ಪುಟಾಣಿ ಹಿಟ್ಟು. ಬೇವಿನ ಹೂವು ಹಿತ್ತಲಿನ ಮರದ್ದೇ. ಮಗಳು ಕೆಳಗೆ ಸೆರಗು ಹಿಡಿದ ಅತ್ತೆಗೆ ಕೊಂಬೆ ಅಲುಗಿಸಿ ಕೊಟ್ಟಳು. ಹೋಳಿಗೆ ಊಟವಾಗಿ ಎಲ್ಲರೂ ಮಲಗಿದರು.

ಸೋಮವಾರ ಸಂಜೆ ಗೌರಿಯನ್ನು ಕೂಡಿಸಿದೆವು. ನಮ್ಮ ಗೌರಿ ಎಂದರೆ ಹಿತ್ತಾಳೆಯ ಪುಟ್ಟ ಅನ್ನಪೂರ್ಣೆ. ಅತ್ತೆ ಆ ಕೆಂಪು ಖಣದ ಪಟ್ಟಿಯನ್ನು ಮಡಿಸಿ ತೂಗುಮಣೆಯ ಮೇಲೆ ಹಾಸಿ, ಅದರ ಮೇಲೆ ಅವಳನ್ನು ಇಟ್ಟರು. ಮಲ್ಲಿಗೆ ಏರಿಸಿ ಒಂದೇ ಬೆರಳಿನಿಂದ ತೂಗಿದರು. ಸರಪಳಿ ಮೊದಲು ಕಿರ್ ಎಂದಿತು, ಕೊಂಡಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿದ ಮೇಲೆ ಸುಮ್ಮನಾಯಿತು.

ಮಗಳು ಗೋಡೆಯ ಗಡಿಯಾರ ನೋಡುತ್ತ ಎಣಿಸುತ್ತಿದ್ದಳು. ಒಮ್ಮೆಲೇ ಕೂಗಿದಳು, "ಅಮ್ಮಾ, ಗೌರಿ ಸೆಕೆಂಡ್ ಮುಳ್ಳಿನ ಜೋಡಿ ತೂಗಲಿಕ್ಕೆ ಹತ್ತ್ಯಾಳ!" ಹೋಗಿ ನೋಡಿದೆ. ನಿಜ. ಹತ್ತು ಸಲ ಹೋಗಿ ಬರಲು ಹತ್ತು ಸೆಕೆಂಡು. ಲೋಲಕ ಒಮ್ಮೆ ಹೋಗಿ ಬರುವ ಹೊತ್ತು ಅದರ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ್ದಾದರೆ ಒಂದು ಸೆಕೆಂಡು. ಕೊಂಡಿಯಿಂದ ತೂಗುಮಣೆಗೆ 28 ಸೆಂಟಿಮೀಟರ್. ಅನ್ನಪೂರ್ಣೆಯ ತೂಕ ಕೂಡುವ ನಡುಮೈ ಮಣೆಗಿಂತ ಮೂರು ಸೆಂಟಿಮೀಟರ್ ಮೇಲೆ. ಜೋರಾಗಿ ತೂಗಿದರೂ ಮೆಲ್ಲಗೆ ತೂಗಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗದಗಿನ ಯಾವ ಬಡಿಗ ಈ ಅಳತೆ ಹಾಕಿದನೋ, ಅವನ ಜೋಕಾಲಿ ಇಷ್ಟು ಕಾಲದಿಂದ ಸೆಕೆಂಡು ಎಣಿಸುತ್ತಲೇ ಇದೆ. ಈ ಮನೆಯಲ್ಲಿ ಈ ವರ್ಷ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಇದು. ರಾತ್ರಿ ದೀಪ ಆರಿಸುವ ಮೊದಲು ಮೂವರೂ ಸೇರಿ ಅರವತ್ತರವರೆಗೆ ಎಣಿಸಿದೆವು.

ಏಪ್ರಿಲ್ 30, ಬುಧವಾರ

ಅಕ್ಷಯ ತದಿಗೆ. ತಿಂಗಳಲ್ಲಿ ಒಂದು ಶುಕ್ರವಾರ ಓಣಿಯವರೆಲ್ಲ ಬಂದು ಹೋದರು. ಮಾವಿನಕಾಯಿ ಹಾಕಿದ ಕೋಸಂಬರಿಯ ದೊಡ್ಡ ಬೋಗುಣಿ ಖಾಲಿಯಾಯಿತು. ಬಂದವರೆಲ್ಲ ಒಂದೊಂದು ಸಲ ತೂಗಿದರು, ಸಂದುಗಳು ಅಲುಗಲಿಲ್ಲ. ಅಡಿಹಲಗೆಯ ಕೆಳಗೆ ಹಾಸಿದ ಕಪ್ಪು ಕಾಗದ ಚೊಕ್ಕವಾಗಿಯೇ ಇದೆ.

ಇವತ್ತು ಗೌರಿಯನ್ನು ದೇವರ ಮನೆಗೆ ಕಳಿಸಿ ಜೋಕಾಲಿ ಬಿಚ್ಚಿದೆವು. ಬೆಣೆಯನ್ನು ಕೆಳಗಿನಿಂದ ತಟ್ಟಿದರೆ ಎಡಗಂಬ ಬಂತು. ಬಲಗಂಬವನ್ನು ಮಗಳೇ ಎತ್ತಿದಳು. ಹಸಿರು ಖಣ ಒಂದೇ ತಿಂಗಳಲ್ಲಿ ಕಿಂಡಿಯ ಆಕಾರ ತಳೆದು ನಾಲಿಗೆಗೆ ಅಂಗಿಯಂತೆ ಅಂಟಿತ್ತು, ಅದನ್ನು ಬಿಡಿಸದೆ ಹಾಗೇ ಇಟ್ಟೆವು. ಕೆಂಪು ಪಟ್ಟಿ ಅತ್ತೆಯ ಕುಂಕುಮದ ಡಬ್ಬಿಗೆ ಹೋಯಿತು. ಉಳಿದ ನಾಲ್ಕು ಹಿತ್ತಾಳೆ ಉಂಗುರಗಳನ್ನು ಮಗಳು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಪೆನ್ಸಿಲ್ಲಿನಲ್ಲಿ "ಗೌರಿ ಸರಪಳಿಗೆ, ತಿರುವಿ ತೆರೆಯಬೇಕು" ಎಂದು ಬರೆದಳು. ಒಣಗಿದ ಬೇವಿನೆಲೆ ಒಂದು ಹಿಡಿ ಸೇರಿಸಿ ಅದೇ ಧೋತರದಲ್ಲಿ ಗಂಟು ಕಟ್ಟಿದೆವು. ಅಟ್ಟಕ್ಕೆ ಏರಿಸಲಿಲ್ಲ. ದೇವರ ಮನೆಯ ಮಾಡದ ಕೆಳಗೆ, ಕೈಗೆ ಎಟಕುವ ಕಡೆ ಇದೆ.